ಮುದ್ರೆ ಯಾರದು, ಹೊಣೆ ಯಾರದು?

ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟವರಿಗೆ ಕಮಲಾಪುರ ಬಂತೆಂದರೆ ಕೆಂಪು ಬಾಳೆಹಣ್ಣು ನೆನಪಾಗುತ್ತದೆ. ಆ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಹಣ್ಣು ಕೆಟ್ಟಿದ್ದರೆ ಮಾರಿದವರನ್ನು ಕೇಳಬಹುದು, ಅನುಮಾನ ಹೆಚ್ಚಾದರೆ ತೋಟಕ್ಕೇ ಹೋಗಿ ನೋಡಬಹುದು. ಈಗ ಮನೆಯ ಹುಡುಗರ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳ ಪುಟ ತೆರೆದು, ತೀರಾ ಕೆಳಗಿನ ತನಕ ಸರಿಸಿ ನೋಡಿ. ಅಲ್ಲಿಯೂ ಎಷ್ಟೋ ಸಲ ಒಂದು ಮುದ್ರೆ ಇರುತ್ತದೆ: ಕುರಸಾವೊ ಸರ್ಕಾರದ ಪರವಾನಗಿ ಪಡೆದಿದೆ, ಎಂದು. ‘ಲೈಸೆನ್ಸ್ ಅದ ಅಪ್ಪಾ, ಮೋಸ ಇಲ್ಲ’ ಎನ್ನುವ ಹುಡುಗನ ಧೈರ್ಯವೆಲ್ಲ ಆ ಒಂದು ಸಾಲಿನ ಮೇಲೆ ನಿಂತಿದೆ.

ಕುರಸಾವೊ ಎಂಬುದು ವೆನೆಜುವೆಲಾದ ಉತ್ತರಕ್ಕೆ, ಕೆರಿಬಿಯನ್ ಸಮುದ್ರದಲ್ಲಿರುವ ಪುಟ್ಟ ದ್ವೀಪ. ನೆದರ್ಲೆಂಡ್ಸ್ ರಾಜಸತ್ತೆಗೆ ಸೇರಿದ ಸ್ವಯಮಾಡಳಿತದ ದೇಶ. ಜನಸಂಖ್ಯೆ ನಮ್ಮ ಕಲಬುರಗಿ ನಗರದ ಅರ್ಧವೂ ಇಲ್ಲ. ಹೊರದೇಶದವರಿಗೆ ಜೂಜು ಆಡಿಸಲು ಅದು 1993ರಲ್ಲೇ ಕಾನೂನು ಮಾಡಿಕೊಂಡಿತು. ಮೂಲ ಪರವಾನಗಿ ಇದ್ದದ್ದು ನಾಲ್ಕೇ ಕಂಪನಿಗಳ ಕೈಯಲ್ಲಿ. ಅವು ಬೇರೆಯವರಿಗೆ ಒಳಪರವಾನಗಿ ಹಂಚುತ್ತಾ ಹೋದವು. ನಮ್ಮಲ್ಲಿ ರಸ್ತೆ ಕಾಮಗಾರಿಯನ್ನು ಒಳಗುತ್ತಿಗೆ ಕೊಟ್ಟಾಗ ಗುಂಡಿಗೆ ಹೊಣೆ ಯಾರೆಂದು ತಿಳಿಯುವುದಿಲ್ಲವಲ್ಲ, ಅಲ್ಲಿಯೂ ಅದೇ ಗತಿ. ಲೋಕದಿಂದ ಟೀಕೆ ಬಂದ ಮೇಲೆ, 2024ರ ಡಿಸೆಂಬರ್ 24ರಿಂದ ಹೊಸ ಕಾನೂನು ಜಾರಿಯಾಯಿತು. ಈಗ ಒಳಪರವಾನಗಿ ಇಲ್ಲ; ಸರ್ಕಾರದ ಪ್ರಾಧಿಕಾರವೇ ನೇರವಾಗಿ ಕೊಡುತ್ತದೆ, ಆಟಗಾರರ ದೂರಿಗೂ ದಾರಿ ಇರಬೇಕೆನ್ನುತ್ತದೆ. ಒಳ್ಳೆಯ ಸುಧಾರಣೆಯೇ. ಆದರೆ ಆ ದ್ವೀಪದ ಕಾಗದಕ್ಕೆ ಭಾರತದಲ್ಲಿ ಜೂಜನ್ನು ಸಕ್ರಮ ಮಾಡುವ ಶಕ್ತಿ ಇಲ್ಲ.

ಜೂಜು ನಮ್ಮ ಸೀಮೆಗೆ ಹೊಸದೇನಲ್ಲ. ಪಂಚಮಿಗೆ ನಿಂಬೆಹಣ್ಣು ಎಸೆದು ಪಣ ಕಟ್ಟುವವರು, ದೀಪಾವಳಿಗೆ ಇಸ್ಪೀಟು ಹಾಕುವವರು ಇದ್ದೇ ಇದ್ದರು. ಮಟಕಾ ಚೀಟಿ ಬರೆಯುವವನು ಎಲ್ಲಿ ಕೂಡುತ್ತಾನೆಂಬುದು ಓಣಿಗೆಲ್ಲ ಗೊತ್ತಿತ್ತು. ಅದು ಮುರಿದ ಮನೆಗಳೇನು ಕಡಿಮೆಯಲ್ಲ. ಆದರೂ ಪಗಾರ ಕಳೆದುಕೊಂಡವನ ಹೆಂಡತಿ ಹೋಗಿ ಜಗಳ ತೆಗೆಯಲು ಎದುರಿಗೊಂದು ಮುಖವಾದರೂ ಇತ್ತು. ಈಗ ಆ ಮುಖವೂ ಇಲ್ಲ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಪಣದಾಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಹಣದ ಆಟ ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ; ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷ.

ಈ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಒಂದು ಮಾತು: ಆಡಿ ಹಣ ಕಳೆದುಕೊಂಡವನಿಗೆ ಇದು ಶಿಕ್ಷೆ ಹೇಳಿಲ್ಲ. ಕಾನೂನಿಗೇ ಇಷ್ಟು ವಿವೇಕ ಇರುವಾಗ ನಾವು ಮನೆಯವರು ಯಾಕೆ ಮೊದಲು ಕೈ ಎತ್ತಬೇಕು? ಮೊದಲ ಸೋಲು ಸಣ್ಣದಿರುತ್ತದೆ. ಅಪ್ಪನಿಗೆ ಗೊತ್ತಾದೀತೆಂಬ ಅಂಜಿಕೆಯಿಂದ ಅದನ್ನು ಮುಚ್ಚಲು ಸಾಲ, ಸಾಲ ತೀರಿಸಲು ಮತ್ತೆ ಆಟ. ಆದ್ದರಿಂದ ಇವತ್ತು ಊಟಕ್ಕೆ ಕೂತಾಗ ಒಮ್ಮೆ ಹೇಳಿಬಿಡಿ: ‘ಏನಾದ್ರೂ ಆಗಿದ್ರ ನಮಗ ಹೇಳು, ಬಯ್ಯೂದಿಲ್ಲ.’ ಹೇಳಿದ ಮೇಲೆ ನಿಜವಾಗಿಯೂ ಬಯ್ಯಬೇಡಿ. ವಂಚನೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆಟದ ಚಟ ಬಿಡಿಸಿಕೊಳ್ಳಲಾಗದೆ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್‌ನ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.