ಬರಿಯ ಗೆರೆಯಲ್ಲಿ ಅರ್ಥವುಂಟೆ?

ಬೆಳಗಾವಿಯ ಕ್ಯಾಂಪಿನಲ್ಲಿ ಮುಂಜಾನೆ ತಿರುಗಾಡಲು ಹೊರಟವನಿಗೆ ಹೆಜ್ಜೆಹೆಜ್ಜೆಗೂ ಗೆರೆಗಳು ಎದುರಾಗುತ್ತವೆ. ದಂಡಿನವರಿಗಾಗಿ ಕಟ್ಟಿದ ಭಾಗವಾದುದರಿಂದ ಅಲ್ಲಿಯ ದಾರಿಗಳು ಹಳೆಯ ಪೇಟೆಯ ಓಣಿಗಳಂತೆ ಬಳುಕದೆ ನೆಟ್ಟಗೆ ಸಾಗುತ್ತವೆ. ಕವಾಯತಿನ ಬಯಲಿನಲ್ಲಿ ಸುಣ್ಣದ ಗೆರೆ. ಸಿಪಾಯಿಗಳ ವಸತಿಯ ಸಾಲಿಗೂ ‘ಲೈನು’ ಎಂದೇ ಹೆಸರು. ಅಲ್ಲಿಂದ ಊರೊಳಗೆ ಬಂದರೆ ಮನೆಯ ಬಾಗಿಲ ಮುಂದೆ ರಂಗೋಲಿಯ ಎಳೆ. ಆ ಗೆರೆ ಆಜ್ಞೆ, ಈ ಗೆರೆ ಮಂಗಲ. ಅದನ್ನು ಸಿಪಾಯಿಯು ಮೀರಲಾರ. ಇದನ್ನು ಮನೆಗೆ ಬಂದ ಅತಿಥಿಯು ತುಳಿಯಲೊಲ್ಲ. ಇವುಗಳ ಅರ್ಥವೇನೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಆದರೆ ಅಂಥದೇ ಒಂದು ಗೆರೆಯು ಬಿಳಿಯ ಕಾಗದದ ಮೇಲೆ ಮೂಡಿ, ಚೌಕಟ್ಟಿನೊಳಗೆ ಕುಳಿತು, ಚಿತ್ರಶಾಲೆಯ ಗೋಡೆಯನ್ನೇರಿತೆಂದರೆ ಎಲ್ಲರೂ ಕೇಳತೊಡಗುತ್ತಾರೆ. “ಇದರಲ್ಲಿ ಏನಿದೆ? ಇಂಥದನ್ನು ನಮ್ಮ ಮನೆಯ ಹುಡುಗನೂ ಗೀಚಿಯಾನು” ಎಂದು ಸರಳ ಸ್ವಭಾವದ ಗೃಹಸ್ಥನು ನಗುತ್ತಾನೆ. ಅವನ ಪಕ್ಕದಲ್ಲಿ ನಿಂತ ರಸಿಕನು ನಗುವುದಿಲ್ಲ. ಅನಂತ, ಶೂನ್ಯ, ಮೌನ ಎಂಬ ದೊಡ್ಡ ದೊಡ್ಡ ಮಾತುಗಳನ್ನಾಡಿ ತಲೆದೂಗುತ್ತಾನೆ. ಇವರಿಬ್ಬರಲ್ಲಿ ಪ್ರಾಮಾಣಿಕನು ಯಾರು? ಮೊದಲನೆಯವನು ನೋಡದೆಯೇ ತೀರ್ಪು ಕೊಟ್ಟಿರಬಹುದು. ಎರಡನೆಯವನು ಕಾಣದೆಯೇ ಕಂಡೆನೆಂದು ಹೇಳಿರಬಹುದು. ಆದುದರಿಂದ ಬರಿಯ ಗೆರೆಯಲ್ಲಿ ಅರ್ಥವುಂಟೆ ಎಂಬ ಪ್ರಶ್ನೆಯು ಕೇವಲ ಚಿತ್ರಕಲೆಗೆ ಸೇರಿದುದಲ್ಲ. ಮನುಷ್ಯನು ತನ್ನ ಕಣ್ಣಿಗೂ ತನ್ನ ನಾಲಗೆಗೂ ಎಷ್ಟರ ಮಟ್ಟಿಗೆ ನಿಷ್ಠನಾಗಿರಬೇಕೆಂಬ ನೀತಿಯ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಗೆರೆಗೆ ಅರ್ಥವೇ ಇಲ್ಲವೆಂದು ಕನ್ನಡಿಗನು ಹೇಳುವುದು ಕಷ್ಟ. ಅವನ ಮಾತೇ ಗೆರೆಗಳಿಂದ ತುಂಬಿದೆ. ಹಿರಿಯರ ಮಾತು ಮೀರದವನನ್ನು ‘ಹಾಕಿದ ಗೆರೆ ದಾಟದವನು’ ಎನ್ನುತ್ತೇವೆ. ಅಂಗೈಯ ಗೆರೆಯಲ್ಲಿ ಆಯುಷ್ಯವನ್ನು ಹುಡುಕುತ್ತೇವೆ. ಲಕ್ಷ್ಮಣನು ಎಳೆದನೆಂಬ ರೇಖೆಯು ಮಕ್ಕಳಿಗೂ ಗೊತ್ತು. ಬೆಳಗಾವಿಯವರಿಗಂತೂ ಗೆರೆಯ ತೂಕವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಕಾಶೆಯ ಮೇಲೆ ಎಳೆದ ಗಡಿಯ ಗೆರೆಯು ಮಣ್ಣಿನ ಮೇಲೆ ಎಲ್ಲಿಯೂ ಕಾಣದಿದ್ದರೂ ಎರಡು ಭಾಷೆಗಳ ಮನೆಮನೆಯಲ್ಲಿ ಮಾತಾಯಿತು, ವಾದವಾಯಿತು, ನೋವೂ ಆಯಿತು. ಆದರೆ ಈ ಗೆರೆಗಳೆಲ್ಲ ಸಂಕೇತಗಳು. ಜನರು ಕೂಡಿ ಒಪ್ಪಿದ್ದರಿಂದ, ಇಲ್ಲವೆ ಒಪ್ಪದೆ ಇದ್ದುದರಿಂದ, ಅವುಗಳಿಗೆ ಅರ್ಥ ಬಂದಿತು. ಗೋಡೆಯ ಮೇಲಿನ ಚಿತ್ರದ ಗೆರೆಗಾದರೋ ಅಂಥ ಒಪ್ಪಂದದ ಆಸರೆಯಿಲ್ಲ. ಅದು ಆಜ್ಞೆಯೂ ಅಲ್ಲ, ಮಂಗಲವೂ ಅಲ್ಲ, ಗಡಿಯೂ ಅಲ್ಲ. ಹಾಗಾದರೆ ಅದಕ್ಕೆ ಅರ್ಥವು ಎಲ್ಲಿಂದ ಬರಬೇಕು?

ರೇಖೆಯ ಹಿರಿಮೆಯನ್ನು ನಮ್ಮ ಹಿಂದಿನವರು ಅರಿಯದವರಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು, ಸಾಮಾನ್ಯರ ಮನಸ್ಸು ವರ್ಣಗಳ ಸಮೃದ್ಧಿಗೆ ಒಲಿದರೆ ಕಲೆಯನ್ನು ಬಲ್ಲ ಆಚಾರ್ಯರ ಮೆಚ್ಚುಗೆಯು ರೇಖೆಗೆ ಸಲ್ಲುತ್ತದೆಂಬ ಅಭಿಪ್ರಾಯವನ್ನು ಕೊಡುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಚಿತ್ರಕಾರ ಕೃಷ್ಣ ಹೆಬ್ಬಾರರು (1911–1996) ಈ ಮಾತಿಗೆ ನಮ್ಮ ಕಾಲದ ಸಾಕ್ಷಿ. ನರ್ತಿಸುವವಳ ತಿರುವನ್ನೂ ವಾದ್ಯಗಾರನ ತನ್ಮಯತೆಯನ್ನೂ ನಾಲ್ಕಾರು ಗೆರೆಗಳಲ್ಲಿ ಹಿಡಿದುಕೊಟ್ಟವರು ಅವರು. ಅವರ ರೇಖಾಚಿತ್ರಗಳ ಸಂಗ್ರಹಕ್ಕೆ ‘ಹಾಡುವ ರೇಖೆ’ ಎಂಬರ್ಥದ ಹೆಸರು ಬಂದುದು ಸಾರ್ಥಕವೇ ಸರಿ. ಅಂಥ ಚಿತ್ರದ ಮುಂದೆ ಗೃಹಸ್ಥನೂ ನಗುವುದಿಲ್ಲ. ಏಕೆಂದರೆ ನರ್ತಕಿಯು ಅವನಿಗೆ ಕಾಣುತ್ತಾಳೆ. ಆದರೆ ಅವನು ಮೆಚ್ಚಿದುದು ನರ್ತಕಿಯನ್ನೋ ಗೆರೆಯನ್ನೋ? ಅದೇ ನರ್ತಕಿಯನ್ನು ಜೀವವಿಲ್ಲದ ಗೆರೆಯಲ್ಲಿ ಬೇರೊಬ್ಬನು ಬರೆದು ತಂದರೆ ಅವನು ಮೆಚ್ಚಲಾರ. ಎಂದ ಮೇಲೆ ನರ್ತಕಿಯನ್ನು ಬಿಟ್ಟು ಗೆರೆಯಲ್ಲಿಯೇ ಏನೋ ಒಂದು ಇರಲೇಬೇಕಾಯಿತು.

ಆ ‘ಏನೋ ಒಂದ’ನ್ನು ಬೇರೆಯಾಗಿ ತೆಗೆದು ತೋರಿಸಲು ಹೊರಟವರು ಇಪ್ಪತ್ತನೆಯ ಶತಮಾನದ ಅಮೂರ್ತ ಚಿತ್ರಕಾರರು. ರಷ್ಯದ ಮಲೇವಿಚ್ ಎಂಬವನು 1915ರಲ್ಲಿ ಪೆಟ್ರೋಗ್ರಾಡಿನ ಪ್ರದರ್ಶನದಲ್ಲಿ ಒಂದು ಕರಿಯ ಚೌಕವನ್ನು, ಆ ದೇಶದ ಮನೆಗಳಲ್ಲಿ ದೇವರ ಪಟವಿಡುವ ಮೇಲಿನ ಮೂಲೆಯಲ್ಲಿಯೇ, ತೂಗುಹಾಕಿದನು. 1960ರ ದಶಕದ ಅಮೇರಿಕೆಯಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಚಿತ್ರಕ್ಕೆ ತನ್ನನ್ನು ಬಿಟ್ಟು ಬೇರೆ ಅರ್ಥವೇ ಬೇಡವೆಂದರು. ಅದೇ ಕಾಲದಲ್ಲಿ ಆಗ್ನೆಸ್ ಮಾರ್ಟಿನ್ (1912–2004) ಎಂಬಾಕೆಯು ಆಳೆತ್ತರದ ಚೌಕ ಬಟ್ಟೆಗಳ ಮೇಲೆ ಪೆನ್ಸಿಲಿನಿಂದ ಸಣ್ಣ ಸಣ್ಣ ಗೆರೆಗಳನ್ನೆಳೆಯುತ್ತಿದ್ದಳು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗುತ್ತದೆ. ‘ಗೆರೆಯಲ್ಲಿ ಅರ್ಥವಿಲ್ಲ, ನೋಡುವವನೇ ತನ್ನ ಮನಸ್ಸಿನೊಳಗಿನದನ್ನು ಅದರಲ್ಲಿ ಸುರಿಯುತ್ತಾನೆ. ಮೋಡದಲ್ಲಿ ಆನೆಯನ್ನು ಕಂಡಂತೆ ಇದು’ ಎನ್ನುವವರುಂಟು. ಈ ಮಾತು ಉದಾರವಾಗಿ ತೋರುತ್ತದೆ; ಯಾರನ್ನೂ ನೋಯಿಸುವುದಿಲ್ಲ. ಆದರೆ ಇದು ನಿಜವಾದರೆ ಚಿತ್ರಕಾರನು ಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಗೋಡೆಗೆ ಬಿದ್ದ ಬಿರುಕೇ ಸಾಕು. ಒಂದು ಗೆರೆಗಿಂತ ಇನ್ನೊಂದು ಮೇಲೆನ್ನಲು ಕಾರಣವೂ ಉಳಿಯುವುದಿಲ್ಲ. ಹಾಗೆ ವಾದಿಸುವವರ ಮನೆಯಲ್ಲಿಯೂ ಹಬ್ಬದ ದಿನ ರಂಗೋಲಿಯ ಎಳೆ ಸೊಟ್ಟಗಾದರೆ ಅಳಿಸಿ ಮತ್ತೆ ಎಳೆಯುತ್ತಾರೆ. ಬಾಯಲ್ಲಿ ಒಪ್ಪದಿದ್ದುದನ್ನು ಕೈ ಒಪ್ಪಿಕೊಂಡಿದೆ.

ಕೈಯ ಈ ಸಾಕ್ಷಿಯನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಬೇಕೆಂಬವನು ಬೆಳಗಾವಿಯಿಂದ ಸುಮಾರು 25 ಕಿಲೋಮೀಟರು ದಾಟಿ ಖಾನಾಪುರಕ್ಕೆ ಹೋಗಬೇಕು. ಮಣ್ಣಿನ ಕೆಲಸಕ್ಕೆ ಹೆಸರಾದ ಊರು ಅದು. ಖಾದಿ ಗ್ರಾಮೋದ್ಯೋಗದವರು ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿದುದೂ ಅಲ್ಲಿಯೇ. ಕುಂಬಾರನು ತಿಗರಿಯ ಮೇಲೆ ಗಡಿಗೆಯನ್ನು ಎಬ್ಬಿಸಿದ ಬಳಿಕ, ಅದು ಇನ್ನೂ ಹಸಿಯಾಗಿ ತಿರುಗುತ್ತಿರುವಾಗ, ಒಂದು ಕಡ್ಡಿಯ ತುದಿಯನ್ನು ಅದರ ಹೆಗಲಿಗೆ ತಾಗಿಸುತ್ತಾನೆ. ಅವನ ಕೈ ಚಲಿಸುವುದಿಲ್ಲ. ಗಡಿಗೆಯೇ ಒಂದು ಸುತ್ತು ಬರುತ್ತದೆ. ಗೆರೆಯು ಹೊರಟಲ್ಲಿಗೇ ಬಂದು ಸೇರುತ್ತದೆ. ಕೈ ತುಸು ನಡುಗಿದರೆ ಅದರ ಎರಡು ತುದಿಗಳು ಕೂಡುವುದಿಲ್ಲ, ಕೂಡದಿದ್ದುದನ್ನು ಮರೆಮಾಚಲೂ ಬರುವುದಿಲ್ಲ. ಗಡಿಗೆಯ ನೀರಿಗೆ ಆ ಗೆರೆಯಿಂದ ಉಪಯೋಗವೇನೂ ಇಲ್ಲ. ಆದರೂ ಅದನ್ನು ಕಂಡವನಿಗೆ ಒಂದು ಸಂಗತಿ ತಿಳಿಯುತ್ತದೆ: ಇಲ್ಲಿ ಒಂದು ಕೈ ಸ್ಥಿರವಾಗಿ ನಿಂತಿತ್ತು. ಈ ತಿಳಿವಳಿಕೆಗೆ ಯಾವ ಒಪ್ಪಂದವೂ ಬೇಕಾಗಲಿಲ್ಲ. ನೋಡುವವನಿಗೂ ಕೈಯುಂಟು, ನಡುಗದೆ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಅದು ಬಲ್ಲದು.

ಕ್ಯಾಂಪಿಗೆ ದೂರವಲ್ಲದ ಕೋಟೆಯಲ್ಲಿ, ರಟ್ಟರ ಮಂತ್ರಿಯಾದ ಬೀಚಿರಾಜನ ಕಾಲದ, 1204ರ ಶಾಸನಗಳಿಗೆ ಸಂಬಂಧಿಸಿದ ಕಮಲ ಬಸದಿ ಇದೆ. ಒಳಹೊಕ್ಕವರೆಲ್ಲ ಕತ್ತೆತ್ತಿ ಮೇಲ್ಚಾವಣಿಯ ಕಮಲವನ್ನು ನೋಡುತ್ತಾರೆ, ನೋಡತಕ್ಕದ್ದೇ. ಆದರೆ ಆ ಕಮಲದ ಕೆಳಗೆ ತಿರುಗಣೆಯಲ್ಲಿ ಕಡೆದ ನುಣುಪಾದ ಕಂಬಗಳಿವೆ. ಅವುಗಳ ಸುತ್ತ, ಒಂದರ ಕೆಳಗೊಂದರಂತೆ, ಹರಿತವಾದ ಅಂಚುಗಳು ಬಳೆಗಳ ಹಾಗೆ ಸುತ್ತುಗಟ್ಟಿವೆ. ಅವು ಹೂವಲ್ಲ, ಬಳ್ಳಿಯಲ್ಲ, ದೇವತೆಯಲ್ಲ. ಕಲ್ಲಿನಲ್ಲಿ ಮೂಡಿದ ಬರಿಯ ಗೆರೆಗಳು. ಕಮಲವನ್ನು ಬಿಡಿಸಬಲ್ಲ ಶಿಲ್ಪಿಗಳಿದ್ದ ಕಟ್ಟಡದಲ್ಲಿಯೇ ಈ ಗೆರೆಗಳನ್ನು ಬರಿದಾಗಿ ಬಿಟ್ಟಿರುವುದು ಕೈಲಾಗದೆ ಅಲ್ಲ. ಅಲ್ಲಿ ಅಷ್ಟೇ ಸಾಕೆಂದು ತಿಳಿದು ಬಿಟ್ಟುದು. ಬಡತನದಿಂದ ಬಂದ ಬರಿದು ಬೇರೆ, ತ್ಯಾಗದಿಂದ ಬಂದ ಬರಿದು ಬೇರೆ. ಹುಡುಗನ ಗೀಚಿಗೂ ಕಲಾವಿದನ ಗೆರೆಗೂ ಇರುವ ಅಂತರವೆಲ್ಲ ಇಷ್ಟರಲ್ಲಿದೆ.

ಈ ಅಂತರವನ್ನು ಕಾಗದದ ಮೇಲೆ ಪರೀಕ್ಷಿಸಿ ನೋಡಲು ನಸ್ರೀನ್ ಮೊಹಮ್ಮದಿಯವರ ಚಿತ್ರಗಳಿಗಿಂತ ಒಳ್ಳೇ ಉದಾಹರಣೆ ಭಾರತದಲ್ಲಿ ದೊರೆಯಲಾರದು. ಅವರು 1937ರಲ್ಲಿ ಕರಾಚಿಯಲ್ಲಿ ಹುಟ್ಟಿದರು. 1972ರಿಂದ ತಮ್ಮ ಕೊನೆಯ ವರ್ಷವಾದ 1990ರ ವರೆಗೆ ಬರೋಡೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನು ಕಲಿಸಿದರು. ಕಟ್ಟಡದ ನಕಾಶೆ ಬರೆಯುವವರ ಸಲಕರಣೆಗಳನ್ನು ಹಿಡಿದು, ಮಸಿ ಮತ್ತು ಪೆನ್ಸಿಲುಗಳಿಂದ, ಸಣ್ಣ ಅಳತೆಯ ಕಾಗದಗಳ ಮೇಲೆ ಗೆರೆಗಳನ್ನೆಳೆದರು. ಹೆಚ್ಚಿನವುಗಳಿಗೆ ಹೆಸರನ್ನಿಡಲಿಲ್ಲ, ತಾರೀಖನ್ನೂ ಬರೆಯಲಿಲ್ಲ. ಇಲ್ಲಿ ಕುಂಬಾರನ ಉದಾಹರಣೆಯು ಸಾಲದೆಂದು ಯಾರಾದರೂ ಹೇಳಬಹುದು. ಅಳತೆಪಟ್ಟಿಯಿಟ್ಟು ಎಳೆದ ಗೆರೆಯಲ್ಲಿ ಕೈಯ ಸ್ಥೈರ್ಯದ ಹೆಚ್ಚುಗಾರಿಕೆಯೇನು? ನಿಜ. ಅಲ್ಲಿ ಅರ್ಥವಿರುವುದು ಗೆರೆಯ ನೇರತೆಯಲ್ಲಲ್ಲ, ಗೆರೆಗೂ ಗೆರೆಗೂ ನಡುವಿನ ತೆರವಿನಲ್ಲಿ. ಒಂದು ಗೆರೆ ದಟ್ಟವಾಗಿದೆ, ಮುಂದಿನದು ತುಸು ತೆಳುವಾಗಿದೆ. ಈ ಎಡೆ ಕಿರಿದು, ಆ ಎಡೆ ಹಿರಿದು. ಒಂದು ಕಡೆ ಸಾಲು ಥಟ್ಟನೆ ನಿಂತು ಬಿಳಿಯ ಬಯಲು ತೆರೆಯುತ್ತದೆ. ಬೆಳಗಾವಿ–ಧಾರವಾಡದ ಸಂಗೀತಪ್ರಿಯರಿಗೆ ಇದು ಹೊಸತಲ್ಲ. ಗವಾಯಿಯು ಸ್ವರವನ್ನು ಎಲ್ಲಿ ಬಿಟ್ಟನೆಂಬುದೂ ರಾಗದ ಭಾಗವೇ ಎಂದು ಅವರು ಬಲ್ಲರು.

ಇನ್ನೊಂದು ಸಂಗತಿಯೂ ಇದೆ. ನಸ್ರೀನರಿಗೆ ಅಂಗಗಳ ಹಿಡಿತವನ್ನು ತಪ್ಪಿಸುವ ನರರೋಗವೊಂದು ಅಂಟಿಕೊಂಡು, ಕೊನೆಯ ವರ್ಷಗಳಲ್ಲಿ ಅದು ಬಲಿಯಿತು. ಮೈ ಅಂಕೆ ಮೀರುತ್ತಿದ್ದಾಗಲೂ ಅವರು ಅಂಕೆ ತಪ್ಪದ ಗೆರೆಗಳನ್ನೆಳೆದರು. ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನು ಇಲ್ಲಿ ನೆನೆಯದಿರಲಾಗದು. ಕ್ಷಯರೋಗದಿಂದ ಕೆಲವು ವರ್ಷ ಹಾಡುವುದನ್ನೇ ನಿಲ್ಲಿಸಬೇಕಾಗಿ ಬಂದು, ಮತ್ತೆ ಹಾಡಲು ಕುಳಿತಾಗ ಅವರ ಗಾಯನದಲ್ಲಿ ಉದ್ದನೆಯ ಉಸಿರಿನ ಬದಲು ಚಿಕ್ಕ ಚಿಕ್ಕ ತುಣುಕುಗಳೂ ಅವುಗಳ ನಡುವಿನ ಮೌನವೂ ಹೊಸ ಕಾಂತಿಯನ್ನು ಪಡೆದವೆಂದು ಬಲ್ಲವರು ಹೇಳುವುದುಂಟು.

ಆದರೆ ಇಲ್ಲಿಯೇ ರಸಿಕನು ಎಚ್ಚರದಿಂದಿರಬೇಕು. ರೋಗದ ಕಥೆಯನ್ನು ಕೇಳಿ ಕಣ್ಣು ತೇವವಾದರೆ ಅದು ಮರುಕ. ಮರುಕವು ಒಳ್ಳೆಯ ಗುಣವೇ ಹೌದು, ಆದರೆ ಅದು ನೋಟವಲ್ಲ. ಕೆಟ್ಟ ಚಿತ್ರವನ್ನು ಬರೆದ ರೋಗಿಗೂ ಮರುಕ ಸಲ್ಲುತ್ತದೆ. ಕಥೆ ಗೊತ್ತಿಲ್ಲದವನಿಗೂ ಆ ಗೆರೆಗಳು ನಿಲ್ಲಬೇಕು. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದವರು ನಸ್ರೀನರ ಚಿತ್ರಗಳ ದೊಡ್ಡ ಪ್ರದರ್ಶನವನ್ನು ನಡೆಸಿದರು. ಆ ಕೀರ್ತಿಯೂ ಕಥೆಯ ಹಾಗೆಯೇ. ಗೆರೆಯ ಅರ್ಥಕ್ಕೆ ಅದು ಪ್ರಮಾಣವಾಗದು. ದೊಡ್ಡವರು ಮೆಚ್ಚಿದರೆಂದು ಮೆಚ್ಚುವುದೂ, ಕಲಾವಿದೆ ನೊಂದಳೆಂದು ಮೆಚ್ಚುವುದೂ, ಕಾಣದೆ ಕಂಡೆನೆನ್ನುವುದರ ಎರಡು ಬಗೆಗಳೇ ಆಗಿವೆ.

ಹಾಗಾದರೆ ನೋಡುವವನು ಏನು ಮಾಡಬೇಕು? ಮೊದಲನೆಯದಾಗಿ, ನಿಲ್ಲಬೇಕು. ಒಂದು ಗೆರೆಯನ್ನು ಎಳೆಯಲು ಚಿತ್ರಕಾರನು ನೂರು ಗೆರೆಗಳನ್ನು ಬಿಟ್ಟಿದ್ದಾನೆ. ನೋಡುವವನು ತನ್ನ ಅವಸರವನ್ನಾದರೂ ಬಿಡಬೇಡವೆ? ಎರಡನೆಯದಾಗಿ, ಆ ಗೆರೆಯನ್ನು ಮನಸ್ಸಿನಲ್ಲಿಯೇ ಒಂದು ಬೆರಳಿನಷ್ಟು ಅತ್ತ ಸರಿಸಿ ನೋಡಬೇಕು. ಸರಿಸಿದರೂ ಏನೂ ಕೆಡುವುದಿಲ್ಲವೆಂದು ತೋರಿದರೆ ಅದು ಬರಿಯ ಗೆರೆಯೇ. ಏನೋ ಕುಸಿಯಿತೆಂದು ತೋರಿದರೆ ಅದು ಅಲ್ಲಿಯೇ ಇರಬೇಕಾದ ಗೆರೆ. ಮೂರನೆಯದಾಗಿ, ಇಷ್ಟು ಮಾಡಿಯೂ ಏನೂ ಕಾಣದಿದ್ದರೆ ‘ನನಗೆ ಕಾಣಲಿಲ್ಲ’ ಎಂದು ನಾಚದೆ ಹೇಳಬೇಕು. ಈ ಮಾತು ‘ಇದರಲ್ಲಿ ಏನೂ ಇಲ್ಲ’ ಎಂಬ ಮಾತಿಗಿಂತ ಬೇರೆ. ಇದು ತನ್ನ ನೋಟದ ಲೆಕ್ಕವನ್ನು ಕೊಡುತ್ತದೆ. ಅದು ಲೋಕದ ಲೆಕ್ಕವನ್ನೇ ಮುಗಿಸಿಬಿಡುತ್ತದೆ. ಟೊಳ್ಳು ಗೆರೆಗಳೂ ಲೋಕದಲ್ಲಿ ಸಾಕಷ್ಟಿವೆ. ಅವುಗಳನ್ನು ಟೊಳ್ಳೆಂದು ಹೇಳುವ ಅಧಿಕಾರವು ನಿಂತು ನೋಡಿದವನಿಗೆ ಮಾತ್ರ ಬರುತ್ತದೆ.

ಅರ್ಥವು ಗೆರೆಯೊಳಗೆ ಹೂತಿಟ್ಟ ನಿಧಿಯಲ್ಲ. ನೋಡುವವನು ಹೊರಗಿನಿಂದ ಹೊತ್ತು ತಂದ ಬುತ್ತಿಯೂ ಅಲ್ಲ. ಎಳೆದವನ ಸಂಯಮಕ್ಕೆ ನೋಡುವವನ ಸಂಯಮವು ಕೂಡಿದಲ್ಲಿ ಅದು ಮೂಡುತ್ತದೆ. ಮುಂಜಾನೆ ಬಾಗಿಲ ಮುಂದೆ ರಂಗೋಲಿಯ ಹಿಟ್ಟನ್ನು ಬೆರಳಸಂದಿಯಿಂದ ಸಣ್ಣಗೆ ಬಿಡುವ ಗೃಹಿಣಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಂಜೆಯೊಳಗೆ ಅಳಿಸಿಹೋಗುವ ಎಳೆಯೆಂದು ಆಕೆಗೆ ಗೊತ್ತು. ಆದರೂ ಎಳೆಯುವಾಗ ಆಕೆ ಬೇರೆ ಕಡೆ ನೋಡುವುದಿಲ್ಲ. ಅದನ್ನು ದಾಟಿ ಒಳಗೆ ಬರುವವನು ಕ್ಷಣಮಾತ್ರ ಕಾಲು ತಡೆದು ಕೆಳಗೆ ನೋಡಿದರೆ, ಆ ಗೆರೆಗೆ ಸಲ್ಲತಕ್ಕುದು ಸಂದಂತಾಯಿತು.