ಹಾಸಿಗೆ ಅಳೆದವರು ಯಾರು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಬಜೆಟ್ ಹೊತ್ತಿನಲ್ಲಿ ಮಂತ್ರಿಗಳ ನಾಲಿಗೆಯ ಮೇಲೆ ತಾನಾಗಿ ಬಂದು ಕೂರುತ್ತದೆ. ಖರ್ಚಿಗೆ ಕತ್ತರಿ ಬೀಳಲಿದೆ ಎಂದು ಕೇಳಿದವರು ಅರ್ಥಮಾಡಿಕೊಳ್ಳುತ್ತಾರೆ. ಗಾದೆಯಲ್ಲಿ ಕಾಲಿಗಿಂತ ಮೊದಲು ಬರುವುದು ಹಾಸಿಗೆ. ಅದನ್ನು ಅಳೆಯುವ ಉಸಾಬರಿಯನ್ನು ಯಾರೂ ಹಚ್ಚಿಕೊಳ್ಳುವುದಿಲ್ಲ.

ಹಾಸಿಗೆಯೆಂದರೆ ಮೊದಲಿಗೆ ಆದಾಯ. ಅಂಕೋಲಾದ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅಧಿಕಾರಿಗಳು ಮುಟ್ಟುಗೋಲು ಹಾಕಿದ ಲಕ್ಷಾಂತರ ಟನ್ ಕಬ್ಬಿಣದ ಅದಿರಿನಲ್ಲಿ ಬಹುಪಾಲು ಅಕ್ರಮವಾಗಿ ಹಡಗು ಹತ್ತಿ ಹೋಯಿತು; ಜೊತೆಗೆ ಖಜಾನೆಗೆ ಬರಬೇಕಿದ್ದ ಹಣವೂ. ಆದಾಯ ಮೀರಿ ಖರ್ಚಾಗುವ ಮೊತ್ತವನ್ನು, ಅಂದರೆ ವಿತ್ತೀಯ ಕೊರತೆಯನ್ನು, ರಾಜ್ಯದ ಆಂತರಿಕ ಉತ್ಪನ್ನದ ಶೇ. 3ಕ್ಕೆ ಇಳಿಸಲು 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿ, ದೇಶಕ್ಕೇ ಮೊದಲನೆಯದೆನಿಸಿಕೊಂಡ ರಾಜ್ಯ ಕರ್ನಾಟಕ! ಕಾಲು ಮಡಚುವ ಶಿಸ್ತಿತ್ತು. ಹಾಸಿಗೆಯ ತುದಿ ಕತ್ತರಿಸುವವರ ಮೇಲೆ ಕಣ್ಣಿರಲಿಲ್ಲ.

ಕಾರವಾರದ ಕಥೆ ಇನ್ನೂ ತೊಡಕಿನದು. 1985ರಲ್ಲಿ ಸುಮಾರು 350 ಕೋಟಿ ರೂಪಾಯಿಗೆ ಮಂಜೂರಾದ ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. 1990–91ಕ್ಕೆ ಕೇಂದ್ರದ ವಿತ್ತೀಯ ಕೊರತೆ ದೇಶದ ಆಂತರಿಕ ಉತ್ಪನ್ನದ ಶೇ. 8ರ ಹತ್ತಿರ ಬಂತು. 1991ರ ಜುಲೈನಲ್ಲಿ ಚಿನ್ನ ಅಡವಿಡುವ ಗತಿ. ದುಡ್ಡಿಲ್ಲದೆ ಸೀಬರ್ಡ್ ಕುಂಟತೊಡಗಿತು. 1995ರಲ್ಲಿ ಯೋಜನೆಯನ್ನು ಕುಗ್ಗಿಸಿ ಮೊದಲ ಹಂತಕ್ಕಷ್ಟೇ ಒಪ್ಪಿಗೆ ಕೊಡುವಾಗ ಅಂದಾಜು ಸುಮಾರು 1,294 ಕೋಟಿ ಮುಟ್ಟಿತ್ತು. ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು.

ಅಷ್ಟರಲ್ಲಿ ಈ ನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲ ಕಳೆದುಕೊಂಡಿದ್ದವು. ಗುಂಟೆಗೆ ಕಟ್ಟಿದ ದರ ತೀರಾ ಕಡಿಮೆಯೆಂದು ನಿರಾಶ್ರಿತರು ಕೋರ್ಟಿನ ಮೆಟ್ಟಿಲೇರಿದರು; ದರ ಹಲವು ಪಟ್ಟು ಏರಿತು. ಏರಿದ ಹಣ ಕೈಸೇರಲು ವರ್ಷಗಟ್ಟಲೆ ಅಲೆದಾಟ.

ಪರಿಹಾರದ ಈ ಬಾಕಿ ಕೊರತೆಯ ಅಂಕಿಯಲ್ಲಿ ಕಾಣುವುದೇ ಇಲ್ಲ. ಸರ್ಕಾರದ ಲೆಕ್ಕ ನಗದಿನದು, ದುಡ್ಡು ಖಜಾನೆ ದಾಟಿದ ದಿನವೇ ಖರ್ಚು. ಹೀಗಾಗಿ ಅರಗಾ, ಚೆಂಡಿಯಾ ಹಳ್ಳಿಗಳ ಕಡೆಯ ರೈತರು, ಮೀನುಗಾರರು ಯಾವ ಬಾಂಡ್‌ಪತ್ರವೂ ಇಲ್ಲದೆ ದೆಹಲಿಗೆ ಸಾಲ ಕೊಟ್ಟವರಾದರು. ದೆಹಲಿಗಾದರೂ ಅದು ಅಗ್ಗವಾಯಿತೇ? 1894ರ ಭೂಸ್ವಾಧೀನ ಕಾಯ್ದೆಯಂತೆ, ಕೋರ್ಟು ಏರಿಸಿದ ಮೊತ್ತಕ್ಕೆ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ ತೆರಬೇಕಿತ್ತು. 2003ರ ಹೊತ್ತಿಗೆ ಅದೇ ಸರ್ಕಾರಕ್ಕೆ ಮಾರುಕಟ್ಟೆಯಲ್ಲಿ ಹತ್ತು ವರ್ಷದ ಸಾಲ ಶೇ. 6ರ ಆಸುಪಾಸಿನಲ್ಲಿ ಸಿಗುತ್ತಿತ್ತು.