ಎತ್ತರದಲ್ಲಿ ನಿಂತವರ ಹೊಣೆ

"ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಎಂಬ ಸಂಬೋಧನೆಯಿಲ್ಲದೆ ನಮ್ಮಲ್ಲಿ ಭಾಷಣ ಆರಂಭವಾಗುವುದು ವಿರಳ. ಕೆಳಗೆ ಕುಳಿತವರ ಸರದಿ ಬರುವುದು ಅನಂತರವೇ. ನೆಲದಿಂದ ಮೂರಡಿ ಮೇಲೇರಿದ ಮಾತ್ರಕ್ಕೆ ದೊರೆಯುವ ಈ ಹಿರಿತನಕ್ಕೆ ತೆರಬೇಕಾದ ಬೆಲೆಯೇನು? ವೇದಿಕೆಗೆ ಹಿಂದಿನವರು ಇಟ್ಟ ಹೆಸರುಗಳಲ್ಲಿಯೇ ಇದಕ್ಕೆ ಉತ್ತರವಿದೆ.

ಪ್ರಾಚೀನ ರೋಮಿನ ಭಾಷಣಪೀಠದ ಹೆಸರು 'ರೋಸ್ಟ್ರ', ಕೊಕ್ಕುಗಳು ಎಂದರ್ಥ. ಕ್ರಿ.ಪೂ. 338ರಲ್ಲಿ ಆಂಟಿಯಮ್ ಪಟ್ಟಣದವರಿಂದ ವಶಪಡಿಸಿಕೊಂಡ ಹಡಗುಗಳ ಕೊಕ್ಕಿನಂಥ ಮೂತಿಗಳಿಂದ ಅದನ್ನು ಅಲಂಕರಿಸಿದ್ದರು. ಅಲ್ಲಿ ನಿಂತು ಜನರನ್ನು ಮಂತ್ರಮುಗ್ಧಗೊಳಿಸಿದ್ದ ಸಿಸೆರೊನನ್ನು ಕ್ರಿ.ಪೂ. 43ರಲ್ಲಿ ವಿರೋಧಿಗಳು ಕೊಲ್ಲಿಸಿ, ಅವನ ರುಂಡವನ್ನು ಅದೇ ಪೀಠದಲ್ಲಿ ಪ್ರದರ್ಶಿಸಿದರು. ಎತ್ತರವು ಯಾರನ್ನೂ ಕಾಪಾಡುವುದಿಲ್ಲ.

ಗ್ರೀಕರು ಅದನ್ನು 'ಬೇಮ' ಎಂದರು, ಮೂಲಾರ್ಥ, ಹೆಜ್ಜೆ. ಅಥೆನ್ಸಿನ ಪ್ನಿಕ್ಸ್ ಗುಡ್ಡದಲ್ಲಿ ಬಂಡೆಯಿಂದ ಕಡೆದ ಬೇಮ ಇಂದಿಗೂ ಇದೆ. ಶುಭಸಂದೇಶದ ಗ್ರೀಕ್ ಮೂಲದಲ್ಲಿ ಇದೇ ಪದಕ್ಕೆ ನ್ಯಾಯಾಸನ ಎಂಬ ಅರ್ಥ. ಪಿಲಾತನು ಬೇಮದ ಮೇಲೆ ಕುಳಿತು, ನಿರಪರಾಧಿಯೆಂದು ತಾನೇ ಬಲ್ಲ ಯೇಸುಸ್ವಾಮಿಯನ್ನು ಶಿಲುಬೆಗೆ ಒಪ್ಪಿಸಿದನು. ಆಸನ ಎತ್ತರದಲ್ಲಿತ್ತು, ಮನಸ್ಸು ಮಾತ್ರ ಕೆಳಗೆ ಕೂಗುತ್ತಿದ್ದ ಗುಂಪಿನ ಅಧೀನದಲ್ಲಿತ್ತು. ನಾವೆಲ್ಲರೂ ಕ್ರಿಸ್ತರ ನ್ಯಾಯಾಸನದ ಮುಂದೆ ನಿಲ್ಲಬೇಕೆಂದು ಕೊರಿಂಥದವರಿಗೆ ಬರೆಯುವಾಗ ಸಂತ ಪೌಲರು ಬಳಸುವುದೂ ಇದೇ ಪದವನ್ನು. ಮಾತನಾಡುವ ಸ್ಥಳಕ್ಕೂ ಲೆಕ್ಕ ಒಪ್ಪಿಸುವ ಸ್ಥಳಕ್ಕೂ ಒಂದೇ ಹೆಸರು!

ಹಾಗೆಂದು ಎತ್ತರವೇ ದೋಷವೇ? ಅಲ್ಲ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ನೋಡಿ. ಜೆರುಸಲೇಮಿನಲ್ಲಿ ಎಜ್ರನು ಅದಕ್ಕೆಂದೇ ಮಾಡಿದ ಮರದ ಅಟ್ಟಣೆಯ ಮೇಲೆ ನಿಂತು, ಮುಂಜಾನೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು. ಸ್ತ್ರೀಪುರುಷರೆಲ್ಲರೂ ಕೇಳಿದರು, ಗ್ರಹಿಸಿದರು, ಅತ್ತರು. ಅವರ ಮನಸ್ಸನ್ನು ಕಲಕಿದ್ದು ಓದಿದವನ ಹಿರಿಮೆಯಲ್ಲ, ಓದಿದ ವಾಕ್ಯ. ಆ ವಾಕ್ಯಕ್ಕೆ ಜನರಂತೆ ಎಜ್ರನೂ ಬದ್ಧನಾಗಿದ್ದನು.

ನಮ್ಮ 'ವೇದಿಕೆ'ಯ ಮೂಲ ಸಂಸ್ಕೃತದ 'ವೇದಿ'. ಹೋಮದ್ರವ್ಯವನ್ನು ಅರ್ಪಿಸುವ ಸ್ಥಳ. ಅಲ್ಲಿಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಭಾನುವಾರ ವಾಚನಕ್ಕೆಂದು ಮೆಟ್ಟಿಲೇರುವ ನಮ್ಮ ಮಕ್ಕಳಿಗೆ, ಸಂಘಸಭೆಗಳಲ್ಲಿ ಧ್ವನಿವರ್ಧಕ ಹಿಡಿಯುವ ಹಿರಿಯರಿಗೆ, ಮನೆಯಲ್ಲಿ ಬುದ್ಧಿ ಹೇಳುವ ತಂದೆತಾಯಿಗಳಾದ ನಮಗೂ ಒಂದು ಪ್ರಶ್ನೆ ಸಾಕು: ನಾನು ಹೇಳಹೊರಟಿರುವ ಮಾತಿಗೆ ಮೊದಲ ಶ್ರೋತೃ ನಾನೇ ಆಗಿದ್ದೇನೆಯೇ? ಆಗಿಲ್ಲವಾದರೆ, ಇನ್ನೊಂದಿಷ್ಟು ಹೊತ್ತು ಕೆಳಗೇ ಕುಳಿತು ಕೇಳೋಣ.